ಅತಿಥಿಸತ್ಕಾರವೂ ಒಂದು ವಿದ್ಯೆ

ಕಡೂರು ನಿಲ್ದಾಣದಲ್ಲಿ ರೈಲಿನಿಂದ ಇಳಿಯುವವರನ್ನು ನೀವು ನೋಡಿರಬಹುದು. ಒಬ್ಬರು ಚಿಕ್ಕಮಗಳೂರಿನ ಬೆಟ್ಟಗಳತ್ತ ಹೊರಟಿರುತ್ತಾರೆ, ಇನ್ನೊಬ್ಬರು ಅಯ್ಯನಕೆರೆಗೆ. ತರೀಕೆರೆಯಲ್ಲಿ ಇಳಿದವರನ್ನು ಕೆಮ್ಮಣ್ಣುಗುಂಡಿ, ಅಮೃತಾಪುರದ ದೇಗುಲ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಕರೆಯುತ್ತವೆ. ಅಜ್ಜಂಪುರಕ್ಕೆ ಬಂದವರು ಅಮೃತಮಹಲ್ ರಾಸುಗಳನ್ನು ಕಾಣಬಯಸುತ್ತಾರೆ. ಇವರಿಗೆಲ್ಲ ಊಟ ಬೇಕು, ಹಾಸಿಗೆ ಬೇಕು, ದಾರಿ ಹೇಳುವವರು ಬೇಕು. ಆ ಕೆಲಸಕ್ಕೆ ನಮ್ಮ ಊರಿನ ಮಕ್ಕಳು ಸಿದ್ಧರಾಗಿದ್ದಾರೆಯೆ ಎಂಬುದೇ ಈಗಿನ ಪ್ರಶ್ನೆ.

ಬಂದವರಿಗೆ ಬಡಿಸುವುದು ನಮಗೆ ರಕ್ತಗತವಾದದ್ದು, ಅದರಲ್ಲಿ ಕಲಿಯುವುದೇನಿದೆ ಎನ್ನುವವರುಂಟು. ಮನೆಗೆ ಬಂದ ನಾಲ್ವರಿಗೆ ಬಡಿಸುವುದು ಬೇರೆ. ನಲವತ್ತು ಮಂದಿ ಅಪರಿಚಿತರಿಗೆ ದಿನವೂ ಅದೇ ರುಚಿಯಲ್ಲಿ, ಹೇಳಿದ ಹೊತ್ತಿಗೆ, ಲೆಕ್ಕ ತಪ್ಪದೆ ಬಡಿಸುವುದು ಬೇರೆ. ಎರಡನೆಯದು ವಿದ್ಯೆ. ಮುಂಬಯಿಯಲ್ಲಿ 1954ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. 1982ರಲ್ಲಿ ಇಂಥ ಶಿಕ್ಷಣಕ್ಕಾಗಿ ರಾಷ್ಟ್ರೀಯ ಮಂಡಲಿಯೇ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿಯೂ ಈ ಪರಿವಾರದ ಸಂಸ್ಥೆಯೊಂದಿದೆ. ಪಾಠಕ್ರಮದ ಕಂಬಗಳು ನಾಲ್ಕು: ಅಡಿಗೆ, ಬಡಿಸುವಿಕೆ, ಅತಿಥಿಯನ್ನು ಬರಮಾಡಿಕೊಳ್ಳುವುದು, ಕೊಠಡಿಗಳ ಓರಣ.

ಆದರೆ ಪಾಠಪಟ್ಟಿಯಷ್ಟರಿಂದಲೇ ಕೆಲಸ ಸಿಗದು. ಬಿಸಿಯ ಪದಾರ್ಥವನ್ನು 60 ಡಿಗ್ರಿಗೆ ಮೇಲೆ, ತಣ್ಣಗಿನದನ್ನು 5 ಡಿಗ್ರಿಗೆ ಒಳಗೆ ಇಡಬೇಕೆಂದು ಪುಸ್ತಕ ಹೇಳುತ್ತದೆ. ನಡುವಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಈ ಮಾತನ್ನು ಪರೀಕ್ಷೆಯಲ್ಲಿ ಬರೆದು ಮರೆತವನೊಬ್ಬ. ಮೇಷ್ಟರು ಕೈಗೆ ಉಷ್ಣಮಾಪಕ ಕೊಟ್ಟು ದಿನವೂ ಸಾರಿನ ಪಾತ್ರೆಗೆ ಇಳಿಸಿ ನೋಡಿಸಿದವನು ಇನ್ನೊಬ್ಬ. ಹೋಟೆಲಿನ ಯಜಮಾನ ಇಬ್ಬರಲ್ಲಿ ಯಾರನ್ನು ಇಟ್ಟುಕೊಂಡಾನು, ನೀವೇ ಹೇಳಿ. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಹೆಸರಾದದ್ದು ರುಚಿಯಿಂದ ಮಾತ್ರವಲ್ಲ, ಶುಚಿಯಿಂದಲೂ. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಉಪಾಹಾರಗೃಹಗಳ ಚೊಕ್ಕಟತನವನ್ನು ಕಣ್ಣಾರೆ ಕಂಡು ಬಂದವರು. ಅನುಭವಿಗಳೂ ಕಲಿಯಹೊರಟರೆಂದಮೇಲೆ ಹೊಸಬರಿಗೆ ನಾಚಿಕೆಯೇಕೆ?

ನಾಚಿಕೆಯ ಮಾತು ಬಂತು. "ಓದಿಸಿ ಲೋಟ ತೊಳೆಯಲು ಕಳಿಸುವುದೆ?" ಎಂದು ತಾಯ್ತಂದೆಗಳು ಕೊರಗುವುದುಂಟು. ಲೋಟ ತೊಳೆಯುವುದನ್ನು ಅರಿಯದವನು ನಾಳೆ ತೊಳೆಸುವುದನ್ನೂ ಅರಿಯಲಾರ. ಈ ಕೊರಗಿಗಿಂತ ದೊಡ್ಡ ಅಪಾಯ ಬೇರೊಂದಿದೆ. ಮಳೆ ನೆಚ್ಚಲಾಗದ ಸೀಮೆಯಲ್ಲಿ ಹೊಲದ ಮೇಲೆ ಸಾಲ ತಂದು ಶುಲ್ಕ ಕಟ್ಟಿದಮೇಲೆ, ಮಗನ ಕೈಯಲ್ಲಿ ಕಾಗದ ಮಾತ್ರ ಉಳಿಯಬಾರದು.

ಆದ್ದರಿಂದ ಹಣ ಕಟ್ಟುವ ಮುನ್ನ ನಾಲ್ಕು ಮಾತು ಕೇಳಿರಿ. ವಾರಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ನಿಲ್ಲಿಸುತ್ತೀರಿ? ಕಲಿಸುವವರು ಹೋಟೆಲಿನಲ್ಲಿ ದುಡಿದವರೆ? ತರಬೇತಿಗೆ ಕಳಿಸುವುದೆಲ್ಲಿಗೆ, ಅಲ್ಲಿ ಬರಿಯ ಕೂಲಿಯೋ ಕಲಿಕೆಯೋ? ಹೋದ ವರ್ಷ ಹೊರಬಿದ್ದವರು ಈಗ ಎಲ್ಲಿದ್ದಾರೆ? ಉತ್ತರ ನೇರವಾಗಿದ್ದರೆ ಸೇರಿಸಿರಿ.

ಮಕ್ಕಳಿಗೂ ಒಂದು ಮಾತು. ಹಿಂದಿಯನ್ನೂ ಇಂಗ್ಲಿಷನ್ನೂ ಕಲಿಯಿರಿ. ಜೊತೆಗೆ ನಿಮ್ಮ ಊರನ್ನೂ ಕಲಿಯಿರಿ. ಅಮೃತೇಶ್ವರ ದೇಗುಲ 1196ರದು, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ್ದು ಎಂದು ನಗುಮುಖದಿಂದ ಹೇಳಬಲ್ಲ ಹುಡುಗಿಯನ್ನು ಅತಿಥಿ ಮರೆಯುವುದಿಲ್ಲ. ಪಾಠಪುಸ್ತಕದಲ್ಲಿ ಇಲ್ಲದ ಆ ಪಾಠವನ್ನು ನಮ್ಮ ನೆಲವೇ ಕಲಿಸಬೇಕು.