ಕುರಿ ಕಾಯುವುದೆಂಬ ಮಾತು



ಓದಿನಲ್ಲಿ ಹಿಂದುಳಿದ ಮಗುವನ್ನು “ಹೋಗು, ಕುರಿ ಕಾಯಿ” ಎಂದು ಗದರುವ ರೂಢಿ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಆ ಮಾತು ಕೇಳಿಬರುವ ತರಗತಿಯಲ್ಲಿ ಕುರಿ ಕಾಯುವವರ ಮಕ್ಕಳೂ ಕುಳಿತಿರುತ್ತಾರೆ. ಆದಕಾರಣ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಆ ಮಾತಿನ ಬೇರುಗಳನ್ನು ತುಸು ವಿಚಾರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಯೆಣೆಗೂರ, ಉಮರ್ಗಾ, ನಿಲಂಗಾ, ಉದಗೀರಗಳ ಈ ಗಡಿ ಸೀಮೆಯಲ್ಲಿ ಒಂದೇ ಕಸುಬಿಗೆ ಎರಡು ಹೆಸರುಗಳಿವೆ. ನಾವು ಕುರುಬರೆನ್ನುವುದನ್ನು ಮರಾಠಿಯಲ್ಲಿ ಧನಗರರೆನ್ನುತ್ತಾರೆ. ನಮ್ಮ ಬೀರಪ್ಪನೇ ಅಲ್ಲಿ ಬಿರೋಬಾ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಸೋಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ದೀಪಾವಳಿಗೆ ನಡೆಯುವ ಮಾಳಿಂಗರಾಯನ ಜಾತ್ರೆಗೆ ಕನ್ನಡದವರೂ ಮರಾಠಿಯವರೂ ಒಟ್ಟಾಗಿ ಬಂದು ಭಂಡಾರ ಹಚ್ಚಿಕೊಳ್ಳುತ್ತಾರೆ. ಡೊಳ್ಳಿನ ನಾದಕ್ಕೆ ಗಡಿಯಿಲ್ಲ.

‘ಕುರುಬ’ ಶಬ್ದವನ್ನು ಸಾಮಾನ್ಯವಾಗಿ ‘ಕುರಿ’ಯಿಂದ ಬಿಡಿಸುತ್ತಾರೆ. ಹಳಗನ್ನಡದಲ್ಲಿ ಅದು ‘ಕುಱಿ’. ತೆಲುಗಿನ ‘ಗೊರ್ರೆ’ ಅದರ ಸೋದರ ಶಬ್ದ. ಆದರೆ ಮೈಸೂರು, ಕೊಡಗಿನ ಕಾಡುಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಇದ್ದಾರೆ. ಅವರು ಕುರಿ ಸಾಕಿದವರಲ್ಲ. ಜೇನು, ಗೆಡ್ಡೆಗೆಣಸುಗಳನ್ನು ಅರಸಿ ಬಾಳಿದವರು. ಆದ್ದರಿಂದ ಆ ಹೆಸರನ್ನು ಬೆಟ್ಟ ಎಂಬ ಅರ್ಥದ ಮೂಲಕ್ಕೆ ಸಂಬಂಧಿಸಿದ ವಿದ್ವಾಂಸರೂ ಉಂಟು. ‘ಧನಗರ’ವನ್ನು ‘ಧನ’ದಿಂದ ಬಂದುದೆಂದು ಜನ ಹೇಳುವುದುಂಟು. ಸಂಸ್ಕೃತದ ‘ಧನ’ವೇ ಕನ್ನಡದಲ್ಲಿ ತದ್ಭವವಾಗಿ ‘ದನ’ವಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಲ್ಯಾಟಿನ್ನಿನಲ್ಲಿಯೂ ಹಣವೆಂಬ ಅರ್ಥದ ‘ಪೆಕೂನಿಯಾ’ ಹುಟ್ಟಿದ್ದು ದನಕರುಗಳೆಂಬ ಅರ್ಥದ ‘ಪೆಕುಸ್’ನಿಂದ. ನಾಣ್ಯಕ್ಕಿಂತ ಮೊದಲು ಹಿಂಡೇ ಸಂಪತ್ತಾಗಿತ್ತು.

ಇನ್ನು ‘ಕಾಯು’ ಎಂಬ ಕ್ರಿಯಾಪದ. ಕಾವಲು, ಕಾಪು, ಕಾಪಾಡು ಎಲ್ಲವೂ ಇದರ ಬಳಗವೇ. ರಕ್ಷಿಸುವುದೂ ಕಾಯುವುದೇ, ತಾಳ್ಮೆಯಿಂದ ದಾರಿ ನೋಡುವುದೂ ಕಾಯುವುದೇ. ಕಷ್ಟ ಬಂದಾಗ “ದೇವರೇ ಕಾಯಬೇಕು” ಎನ್ನುತ್ತೇವೆ. ದೇವರಿಗೆ ಸಲ್ಲುವ ಈ ಕ್ರಿಯಾಪದವನ್ನೇ ನಾವು ಕುರುಬನಿಗೂ ಸಲ್ಲಿಸುತ್ತೇವೆ. ಮರಾಠಿಯ ‘ಮೇಂಢಪಾಳ’ದಲ್ಲಿರುವ ‘ಪಾಳ’ ಸಂಸ್ಕೃತದ ‘ಪಾಲ’. ಅದಕ್ಕೂ ರಕ್ಷಕನೆಂದೇ ಅರ್ಥ. ಮೇಯಿಸುವವನೆಂಬ ಲ್ಯಾಟಿನ್ ಮಾತು ‘ಪಾಸ್ಟರ್’ ಕ್ರೈಸ್ತ ಧರ್ಮಗುರುವಿಗೆ ಹೆಸರಾಗಿದೆ.

ಹೆಸರಿಗೆ ತಕ್ಕ ಜ್ಞಾನವೂ ಆ ಕಸುಬಿನಲ್ಲಿದೆ. ಮಳೆಯ ಸೂಚನೆ, ವಿಷದ ಸೊಪ್ಪು, ಕುರಿಯ ರೋಗ, ನೀರಿನ ನೆಲೆ ಇವೆಲ್ಲ ಕುರಿಗಾರನಿಗೆ ಬಾಯಿಪಾಠ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ಕರಿಯ ಕಂಬಳಿ ನೇಯಲಾಯಿತು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ಭೂಮಿಗೆ ಗೊಬ್ಬರ, ಕುರಿಗಾರನಿಗೆ ಕಾಳು. ನಮಗೆ ಸಮೀಪದ ಬಸವಕಲ್ಯಾಣವು ವಚನಗಳ ನೆಲ. 12ನೆಯ ಶತಮಾನದ ಆ ಶರಣ ಪರಂಪರೆಯಲ್ಲಿ ಗೊಲ್ಲಗೇರಿಯ ವೀರಗೊಲ್ಲಾಳನ ಹೆಸರಿದೆ. ಅವನು ಕುರಿ ಕಾಯುವವನು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದನೆಂಬುದು ಜನಜನಿತ ಕಥೆ. ಅವನ ಹೆಸರಿನ ವಚನಗಳು ಕನ್ನಡ ಸಾಹಿತ್ಯದಲ್ಲಿ ಉಳಿದಿವೆ. ಕುರಿ ಕಾಯುವವನಿಗೂ ಅಕ್ಷರಕ್ಕೂ ದೂರವೆಂದು ಯಾರು ಹೇಳಬಲ್ಲರು?

ಸುತ್ತಲೂ ಮರಾಠಿ ಹರಿಯುವ ಈ ನೆಲದಲ್ಲಿ ಕನ್ನಡದ ಮಕ್ಕಳಿಗೆ ಹಟ್ಟಿ, ಹಿಂಡು, ಕಂಬಳಿ, ಡೊಳ್ಳು ಎಂಬ ಶಬ್ದಗಳನ್ನು ದಾಟಿಸುವುದು ಕನ್ನಡ ಶಾಲೆಯ ಹೊಣೆ. ಆ ಶಬ್ದಗಳನ್ನು ಮನೆಯಿಂದಲೇ ತರುವ ಮಗುವೇ ಅವುಗಳಿಗಾಗಿ ನಾಚುವಂತಾದರೆ ನಾವು ಕಲಿಸಿದ್ದೇನು? ಗುರುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಆ ಗದರಿಕೆ ನೂರನೆಯ ವರ್ಷಕ್ಕೆ ನಿಲ್ಲಲಿ, ಕುರಿ ಕಾಯುವ ಅಜ್ಜನೊಬ್ಬನನ್ನು ಶಾಲೆಗೆ ಕರೆದು ಮಕ್ಕಳಿಗೆ ಅವನ ಮಾತು ಕೇಳಿಸಿರಿ. ತಂದೆತಾಯಿಗಳನ್ನು ನಾವು ‘ಪಾಲಕರು’ ಎನ್ನುತ್ತೇವೆ. ಮೇಂಢಪಾಳನಲ್ಲಿರುವುದೂ ಅದೇ ‘ಪಾಲ’. ಮಕ್ಕಳನ್ನು ಕಾಯುವ ನಾವೆಲ್ಲರೂ ಆ ಬಳಗದವರೇ.