ಎರಡು ಪಟ್ಟಿಗಳ ನಡುವೆ



ಕೃಷ್ಣಾ–ತುಂಗಭದ್ರೆಯರ ನಡುವಣ ನಮ್ಮ ಸೀಮೆಯನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ರಾಯಚೂರು ತಾಲ್ಲೂಕಿನ ಚಂದ್ರಬಂಡ ಈ ನಾಡಿನದೇ ಊರು. ಇಲ್ಲಿ ಕನ್ನಡ ಬಲ್ಲವರದೊಂದು ಗಣ, ತೆಲುಗು ಬಲ್ಲವರದು ಇನ್ನೊಂದು ಗಣವೆನ್ನಿ. ಎರಡನ್ನೂ ಕೂಡಿಸಿದರೆ ಸಂಯೋಗ. ಎರಡೂ ನುಡಿ ಬಲ್ಲವರನ್ನಷ್ಟೇ ಆರಿಸಿದರೆ ಛೇದನ. ಕನ್ನಡ ಬಲ್ಲವರಲ್ಲಿ ತೆಲುಗು ಬಲ್ಲವರನ್ನು ಬಿಟ್ಟರೆ ಉಳಿಯುವುದು ವ್ಯತ್ಯಾಸ. ಜರ್ಮನಿಯಲ್ಲಿ ನೆಲೆಸಿದ್ದ ಗಣಿತಜ್ಞ ಕ್ಯಾಂಟರ್ 1874ರಲ್ಲಿ ತಳಹದಿ ಹಾಕಿದ ಈ ಗಣಸಿದ್ಧಾಂತ ಇಂದು ಗಣಕಯಂತ್ರದ ಕ್ರಮವಿಧಿಗಳಲ್ಲಿ ದಿನಬಳಕೆಯ ಉಪಕರಣವಾಗಿದೆ.

ಸಾವಿರ ಹೆಸರುಗಳ ಎರಡು ಪಟ್ಟಿಗಳನ್ನು ಒಂದೊಂದಾಗಿ ತಾಳೆ ನೋಡಹೊರಟರೆ ಹತ್ತು ಲಕ್ಷ ಹೋಲಿಕೆಗಳಾದಾವು. ಪೈಥಾನ್ ಭಾಷೆಯ ‘ಸೆಟ್’ ಹಾಗೆ ಮಾಡುವುದಿಲ್ಲ. ಹೆಸರಿನ ಅಕ್ಷರಸಂಕೇತಗಳಿಂದಲೇ ಒಂದು ಸಂಖ್ಯೆ ಗುಣಿಸಿ, ಆ ಸಂಖ್ಯೆಯ ಗೂಡನ್ನಷ್ಟೇ ಇಣುಕುತ್ತದೆ. ಕೆಲಸ ಕೆಲವೇ ಸಾವಿರ ಹೆಜ್ಜೆಗಳಲ್ಲಿ ಮುಗಿಯುತ್ತದೆ.

ಈ ವೇಗಕ್ಕೆ ನಾನೂ ಮರುಳಾಗಿದ್ದೆ. ವೃದ್ಧರ ನೆರವಿಗೆ ಅರ್ಜಿ ಕೊಟ್ಟವರದೊಂದು ಪಟ್ಟಿ, ಮನೆಮನೆಗೆ ಹೋಗಿ ಪರಿಶೀಲಿಸಿದವರದು ಇನ್ನೊಂದು. ಹೆಸರನ್ನೂ ತವರೂರನ್ನೂ ಜೋಡಿಸಿ ಛೇದನ ತೆಗೆದು ಕೊಟ್ಟೆ. ಕೆಲದಿನಗಳ ಮೇಲೆ ಚಂದ್ರಬಂಡದ ಮುದುಕಿಯೊಬ್ಬಳು ಬಂದು, “ಯಪ್ಪಾ, ನಾ ಇನ್ನೂ ಬದುಕೇ ಅದೀನಿ, ನನ್ನ ಹೆಸರು ಎಲ್ಲಿ ಹೋತು?” ಎಂದಳು. ಆಕೆಯ ತವರು ದೇವದುರ್ಗ. ಎರಡೂ ಪಟ್ಟಿಗಳಲ್ಲಿ ಹೆಸರು, ಊರು ಕಣ್ಣಿಗೆ ಒಂದೇ ತೆರನಾಗಿದ್ದವು.

ದೋಷ ‘ದೇ’ ಅಕ್ಷರದಲ್ಲಿತ್ತು. ಯೂನಿಕೋಡ್ ಸಂಕೇತದಲ್ಲಿ ಅದರ ಏತ್ವವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ದೀರ್ಘ ಎಂದು ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ಓದುವವನಿಗೆ ಭೇದವಿಲ್ಲ; ಯಂತ್ರಕ್ಕೆ ಅವು ಎರಡು ಬೇರೆ ಊರುಗಳು. ಇವನ್ನು ಏಕರೂಪಕ್ಕೆ ತರುವ ನಿಯಮವನ್ನು ಯೂನಿಕೋಡೇ ಒದಗಿಸಿದೆ. ಅದನ್ನು ಮೊದಲು ಅನ್ವಯಿಸದೆ ಇದ್ದುದು ನನ್ನ ತಪ್ಪು. ತಿದ್ದಿದಾಗ ಆಕೆಯ ಹೆಸರು ಮರಳಿತು. ಕೇಳಲು ಬಾರದೆ ಮನೆಯಲ್ಲೇ ಉಳಿದಿದ್ದ ಇನ್ನೂ ನಾಲ್ವರ ಹೆಸರುಗಳೂ ಮರಳಿದವು.

ಆದರೆ ‘ಚಂದ್ರಬಂಡ’ ಮತ್ತು ‘ಚಂದ್ರಬಂಡಾ’ ಒಂದೇ ಊರೆಂದು ಆ ನಿಯಮವೂ ಹೇಳಲಾರದು. ಅದನ್ನು ಊರು ಬಲ್ಲವರೇ ಹೇಳಬೇಕು. ಅಂದಿನಿಂದ ಛೇದನದಲ್ಲಿ ಸಿಕ್ಕವರಿಗಿಂತ ಮೊದಲು, ಹೊರಗುಳಿದವರ ಪಟ್ಟಿಯನ್ನು ತೆಗೆದು, ಊರ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿಸುತ್ತೇನೆ.