ಯಂತ್ರಶಾಸ್ತ್ರದ ವಿದ್ಯೆ ಮತ್ತು ಅಳತೆಯ ಹೊಣೆ



ಬಲ, ಚಲನೆ, ಶಾಖ ಮತ್ತು ವಸ್ತು ಇವುಗಳ ಪರಸ್ಪರ ಸಂಬಂಧವನ್ನು ಅರಿತು, ಆ ಅರಿವಿನಿಂದ ಯಂತ್ರಗಳನ್ನು ರೂಪಿಸುವ, ತಯಾರಿಸುವ ಮತ್ತು ಸುಸ್ಥಿತಿಯಲ್ಲಿಡುವ ವಿದ್ಯೆಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂದು ಹೆಸರು. ನಾಲ್ಕು ವರ್ಷಗಳ ವ್ಯಾಸಂಗದಲ್ಲಿ ಗಣಿತ, ವಸ್ತುಬಲ ಶಾಸ್ತ್ರ, ಉಷ್ಣಗತಿ ಶಾಸ್ತ್ರ, ಯಂತ್ರ ವಿನ್ಯಾಸ, ತಯಾರಿಕಾ ವಿಧಾನಗಳು ಎಂದು ಹತ್ತಾರು ವಿಷಯಗಳು ಬಿಡಿಬಿಡಿಯಾಗಿ ಬಂದು ಹೋಗುವುದರಿಂದ, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಪರೀಕ್ಷೆ ಮುಗಿಸುತ್ತ ಸಾಗುವ ವಿದ್ಯಾರ್ಥಿಗೆ ಇವೆಲ್ಲವನ್ನೂ ಒಂದೇ ವಿದ್ಯೆಯಾಗಿ ಹೆಣೆಯುವ ಎಳೆ ಯಾವುದೆಂಬುದು ಎಷ್ಟೋ ಸಲ ಕಾಣುವುದೇ ಇಲ್ಲ. ಆ ಎಳೆ ಇರುವುದು ಕೊರತೆಯ ಲೆಕ್ಕದಲ್ಲಿ. ಯಾವ ಭಾಗವೂ ನಕಾಶೆಯಲ್ಲಿ ಬರೆದಷ್ಟೇ ನಿಖರವಾಗಿ ತಯಾರಾಗುವುದಿಲ್ಲ, ಯಾವ ಎಂಜಿನ್ನೂ ಪಡೆದ ಶಾಖವನ್ನೆಲ್ಲ ಕೆಲಸವಾಗಿ ಹಿಂದಿರುಗಿಸುವುದಿಲ್ಲ; ಎಷ್ಟು ಕೊರತೆಯಾಗುತ್ತದೆ ಎಂಬುದನ್ನು ಅಂಕಿಯಲ್ಲಿ ಹೇಳಿ, ಹೇಳಿದ ಅಂಕಿಗೆ ಹೊಣೆಯಾಗಿ ನಿಲ್ಲುವವರೇ ಎಂಜಿನಿಯರುಗಳು.

ಯಂತ್ರದ ನಕಾಶೆಯಲ್ಲಿ ಒಂದು ಅಳತೆ ಎಷ್ಟರ ಮಟ್ಟಿಗೆ ಹೆಚ್ಚು ಕಡಿಮೆಯಾದರೆ ಒಪ್ಪಬಹುದು ಎಂದು ಗೊತ್ತುಪಡಿಸುವ ಮಿತಿಗೆ ಟಾಲರೆನ್ಸ್ ಎನ್ನುತ್ತಾರೆ. 25 ಮಿಲಿಮೀಟರ್ ವ್ಯಾಸದ ರಂಧ್ರದಲ್ಲಿ ಶಾಫ್ಟೊಂದು ಅಲುಗಾಡದೆ, ಆದರೆ ಸಲೀಸಾಗಿ ಸರಿಯಬೇಕಾದಾಗ ವಿನ್ಯಾಸಕರು ಸಾಮಾನ್ಯವಾಗಿ ಎಚ್7-ಜಿ6 ಎಂಬ ಜೋಡಣೆಯನ್ನು ಆರಿಸುತ್ತಾರೆ. ಅದರಂತೆ ರಂಧ್ರವು 25.000ರಿಂದ 25.021 ಮಿಲಿಮೀಟರಿನ ನಡುವೆಯೂ ಶಾಫ್ಟು 24.980ರಿಂದ 24.993 ಮಿಲಿಮೀಟರಿನ ನಡುವೆಯೂ ಇರಬೇಕು. ಅತಿ ದಪ್ಪನೆಯ ಶಾಫ್ಟು ಅತಿ ಕಿರಿದಾದ ರಂಧ್ರಕ್ಕೆ ಬಂದರೂ 7 ಮೈಕ್ರಾನುಗಳ ಸಂದು ಉಳಿಯುತ್ತದೆ, ಅತಿ ಸಣ್ಣ ಶಾಫ್ಟು ಅತಿ ದೊಡ್ಡ ರಂಧ್ರಕ್ಕೆ ಬಂದರೂ ಸಂದು 41 ಮೈಕ್ರಾನುಗಳನ್ನು ಮೀರುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹುಬ್ಬಳ್ಳಿಯಲ್ಲಿ ತಯಾರಾದ ಶಾಫ್ಟು ಬೆಂಗಳೂರಿನಲ್ಲಿ ಕೊರೆದ ರಂಧ್ರಕ್ಕೆ, ಎರಡನ್ನೂ ತಯಾರಿಸಿದವರು ಒಬ್ಬರನ್ನೊಬ್ಬರು ನೋಡದಿದ್ದರೂ, ಸರಿಯಾಗಿ ಕೂರುವುದು ಈ ಒಪ್ಪಂದದ ಬಲದಿಂದಲೇ. ಮೊದಲ ವರ್ಷದ ಫಿಟ್ಟಿಂಗ್ ತರಗತಿಯಲ್ಲಿ ಅರ ಹಿಡಿದು ಉಕ್ಕಿನ ಎರಡು ತುಂಡುಗಳನ್ನು ಉಜ್ಜಿ, ಒಂದಕ್ಕೊಂದು ಕೂಡಿಸಿ, ಬೆಳಕಿಗೆ ಹಿಡಿದು ಸಂದಿನಲ್ಲಿ ಬೆಳಕು ನುಸುಳುವುದನ್ನು ನೋಡುವ ವಿದ್ಯಾರ್ಥಿಗಳು ಕಲಿಯುವುದು ಈ ಪಾಠದ ಮೊದಲ ಅಕ್ಷರವನ್ನು.

ಆದರೆ ಮಿತಿಯನ್ನು ಬಿಗಿ ಮಾಡುವುದಷ್ಟೇ ಜಾಣತನವಲ್ಲ. ಲೇತಿನಲ್ಲಿ ಮುಗಿಯಬಹುದಾಗಿದ್ದ ಕೆಲಸವು ಮಿತಿ ಬಿಗಿಯಾದೊಡನೆ ಗ್ರೈಂಡಿಂಗ್ ಯಂತ್ರಕ್ಕೆ ಹೋಗಬೇಕಾಗುತ್ತದೆ, ತಪಾಸಣೆ ಹೆಚ್ಚುತ್ತದೆ, ತಿರಸ್ಕೃತವಾಗುವ ಭಾಗಗಳು ಹೆಚ್ಚುತ್ತವೆ, ಬೆಲೆ ಏರುತ್ತದೆ. ಎಲ್ಲಿ ಬಿಗಿಯಬೇಕು ಎಂಬುದಕ್ಕಿಂತ ಎಲ್ಲಿ ಸಡಿಲ ಬಿಟ್ಟರೂ ಯಂತ್ರ ಕೆಡುವುದಿಲ್ಲ ಎಂಬುದನ್ನು ತಿಳಿಯುವುದು ಕಷ್ಟ, ಮತ್ತು ಒಳ್ಳೆಯ ವಿನ್ಯಾಸಕರನ್ನು ಗುರುತಿಸುವುದು ಅಲ್ಲಿಯೇ. ಭಯದಿಂದ ಎಲ್ಲೆಡೆ ಬಿಗಿ ಮಿತಿ ಬರೆದ ನಕಾಶೆಯು ತಯಾರಿಸುವವರ ಶ್ರಮವನ್ನು ಗೌರವಿಸದ ನಕಾಶೆಯೇ ಸರಿ.

ಕಲ್ಪನೆಗೂ ಕೈಗೂ ಇರುವ ಈ ನಂಟಿಗೆ ಯಂತ್ರಯುಗದ ಆರಂಭದಲ್ಲೇ ಸ್ಪಷ್ಟ ನಿದರ್ಶನವಿದೆ. ಗ್ಲ್ಯಾಸ್ಗೊ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ತಯಾರಿಸುತ್ತಿದ್ದ ಜೇಮ್ಸ್ ವಾಟ್‌ಗೆ ಹಬೆ ಎಂಜಿನ್ನಿನಲ್ಲಿ ಹಬೆಯನ್ನು ಸಿಲಿಂಡರಿನ ಹೊರಗೆ, ಪ್ರತ್ಯೇಕ ಪಾತ್ರೆಯಲ್ಲಿ ತಣಿಸಿದರೆ ಇಂಧನ ಉಳಿಯುತ್ತದೆ ಎಂಬ ವಿಚಾರ ಹೊಳೆದದ್ದು 1765ರಲ್ಲಿ, ಅದಕ್ಕೆ ಪೇಟೆಂಟ್ ದೊರೆತದ್ದು 1769ರಲ್ಲಿ. ಆದರೂ ಆ ಎಂಜಿನ್ ಮಾರಾಟಕ್ಕೆ ಯೋಗ್ಯವಾಗಿ ಹೊರಬರಲು 1776ರವರೆಗೆ ಕಾಯಬೇಕಾಯಿತು. ವಿಳಂಬಕ್ಕೆ ಹಣದ ಮುಗ್ಗಟ್ಟು ಒಂದು ಕಾರಣವಾದರೆ, ಹಬೆ ಸೋರದಷ್ಟು ದುಂಡಗೆ ದೊಡ್ಡ ಸಿಲಿಂಡರನ್ನು ಕೊರೆಯಬಲ್ಲ ಯಂತ್ರ ಇರದಿದ್ದುದು ಇನ್ನೊಂದು. ಫಿರಂಗಿಗಳನ್ನು ಕೊರೆಯುವುದಕ್ಕೆ 1774ರಲ್ಲಿ ಹೊಸ ವಿಧಾನ ಕಂಡುಹಿಡಿದಿದ್ದ ಜಾನ್ ವಿಲ್ಕಿನ್ಸನ್, ಕೊರೆಯುವ ದಂಡಕ್ಕೆ ಎರಡೂ ತುದಿಗಳಲ್ಲಿ ಆಧಾರ ಕೊಟ್ಟು ಸಿಲಿಂಡರನ್ನು ಕೊರೆದ ಮೇಲೆಯೇ ವಾಟ್‌ನ ವಿಚಾರ ಎಂಜಿನ್ ಆಯಿತು. ಇತಿಹಾಸದ ಪುಸ್ತಕಗಳಲ್ಲಿ ವಾಟ್‌ಗೆ ಸಿಕ್ಕಷ್ಟು ಪುಟಗಳು ವಿಲ್ಕಿನ್ಸನ್‌ಗೆ ಸಿಗಲಿಲ್ಲ ಎಂಬುದು ಈ ವಿದ್ಯೆಯನ್ನು ಕಲಿತವರಾದರೂ ಗಮನಿಸಬೇಕಾದ ಅನ್ಯಾಯ.

ಕೆಲವು ಮಿತಿಗಳನ್ನು ಕೈಚಳಕದಿಂದ ದಾಟುವಂತಿಲ್ಲ. ಶಾಖವನ್ನು ಕೆಲಸವನ್ನಾಗಿ ಮಾರ್ಪಡಿಸುವ ಯಾವ ಎಂಜಿನ್ನಿನ ದಕ್ಷತೆಗೂ, ಅದು ಶಾಖ ಪಡೆಯುವ ಮತ್ತು ಬಿಡುವ ಎರಡು ತಾಪಮಾನಗಳು ಗೊತ್ತುಮಾಡುವ ಮೇಲ್ಮಿತಿಯೊಂದಿದೆ ಎಂಬ ವಿಚಾರವನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಪ್ರಕಟಿಸಿದನು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದರಲ್ಲಿ ಹಬೆ ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟರ್ಬೈನ್ ಹೊಕ್ಕು 40 ಡಿಗ್ರಿಯಲ್ಲಿ ತಣಿಯುತ್ತದೆ ಎಂದುಕೊಂಡರೆ, ಪರಮ ಶೂನ್ಯದಿಂದ ಎಣಿಸುವ ಕೆಲ್ವಿನ್ ಮಾನದಲ್ಲಿ ಇವು 813 ಮತ್ತು 313 ಆಗುತ್ತವೆ. ಇವುಗಳ ವ್ಯತ್ಯಾಸವನ್ನು 813ರಿಂದ ಭಾಗಿಸಿದರೆ ಸಿಗುವ ಮೇಲ್ಮಿತಿ ನೂರಕ್ಕೆ ಸುಮಾರು 61.5. ಕೃಷ್ಣಾ ತೀರದ ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವ್ಯಾಟ್ ಘಟಕಗಳಂತಹವುಗಳಲ್ಲಿ ಇಂಧನದ ಶಾಖದ ಮೂರನೆಯ ಒಂದು ಭಾಗದ ಆಸುಪಾಸಿನಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಇದರಲ್ಲಿ ನಿಸರ್ಗ ನಿಯಮದ ಪಾಲೆಷ್ಟು, ಮನುಷ್ಯರ ವಿನ್ಯಾಸ ಮತ್ತು ನಿರ್ವಹಣೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರು ಉಷ್ಣಗತಿ ಶಾಸ್ತ್ರವನ್ನು ನಿಜವಾಗಿ ಕಲಿತವರು. ಇಂಧನವಿಲ್ಲದೆ ಓಡುವ ಎಂಜಿನ್ ಎಂಬ ಸುಳ್ಳು ಸುದ್ದಿ ಊರಿಗೆ ಬಂದಾಗ ಜನರಿಗೆ ತಿಳಿಹೇಳಬೇಕಾದವರೂ ಅವರೇ.

ಕಾಲವೂ ಒಂದು ಮಿತಿಯೇ. ಒಂದು ಸಲಕ್ಕೆ ಸುಲಭವಾಗಿ ತಡೆದುಕೊಳ್ಳುವ ಹೊರೆಯು ಲಕ್ಷಾಂತರ ಸಲ ಮರುಕಳಿಸಿದಾಗ ಲೋಹ ಬಿರುಕು ಬಿಡುತ್ತದೆ. ಇದಕ್ಕೆ ಲೋಹದ ದಣಿವು ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಗಳ ಅಚ್ಚುಗಳು ಕಾರಣವಿಲ್ಲದೆ ಮುರಿಯುವಂತೆ ಕಂಡಾಗ ಜರ್ಮನಿಯ ಔಗುಸ್ಟ್ ವೋಲರ್ ಇದನ್ನು ಕ್ರಮವಾಗಿ ಪರೀಕ್ಷಿಸಿದನು. ಆ ಬಳಿಕವೂ, 1954ರಲ್ಲಿ, ಕಾಮೆಟ್ ಎಂಬ ಜೆಟ್ ವಿಮಾನಗಳೆರಡು ಆಕಾಶದಲ್ಲೇ ಒಡೆದು ಬಿದ್ದವು. ಹಾರಾಟದಿಂದ ಹಾರಾಟಕ್ಕೆ ಮರುಕಳಿಸಿದ ಒಳಗಿನ ಗಾಳಿಯ ಒತ್ತಡವೇ ಅವುಗಳ ಮೈಯನ್ನು ದಣಿಸಿತ್ತು.

ಈಗಿನ ತರಗತಿಗಳಲ್ಲಿ ಇಂತಹ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ, ಫೈನೈಟ್ ಎಲಿಮೆಂಟ್ ಎಂಬ ವಿಧಾನದಿಂದ, ಅಂದರೆ ವಸ್ತುವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ಒಡೆದು ಪ್ರತಿಯೊಂದರ ಲೆಕ್ಕವನ್ನೂ ಜೋಡಿಸಿ ಬಿಡಿಸುತ್ತಾರೆ. ಅದು ಅಮೂಲ್ಯವಾದ ಸಾಧನ. ಆದರೆ ಭಾಗವನ್ನು ಎಲ್ಲಿ ಬಿಗಿದಿದೆ, ಹೊರೆ ಎಲ್ಲಿ ಬೀಳುತ್ತದೆ ಎಂಬುದನ್ನು ತಪ್ಪಾಗಿ ತಿಳಿಸಿದರೂ ಪರದೆಯ ಮೇಲೆ ಅಷ್ಟೇ ಚೆಂದದ ಬಣ್ಣದ ಚಿತ್ರ ಮೂಡುತ್ತದೆ. ಕಾಗದದ ಮೇಲೆ ನಾಲ್ಕು ಸಾಲಿನ ಒರಟು ಲೆಕ್ಕ ಮಾಡಿ, ಉತ್ತರ ಹತ್ತರ ಆಸುಪಾಸಿನದೋ ಸಾವಿರದ್ದೋ ಎಂದು ಮೊದಲೇ ಅಂದಾಜು ಮಾಡಿಕೊಳ್ಳದವರು ಆ ಚಿತ್ರವನ್ನು ನಂಬಬಾರದು, ನಂಬಿ ಸಹಿ ಹಾಕಲಂತೂ ಬಾರದು.

ಕರ್ನಾಟಕದಲ್ಲಿ ಈ ವಿದ್ಯೆ ಕಾರ್ಖಾನೆಗಳ ಜೊತೆಜೊತೆಗೇ ಬೆಳೆಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಬಂದವು. ಕೈಗಡಿಯಾರದಿಂದ ಮನೆಮನೆಗೆ ಪರಿಚಿತವಾದ ಎಚ್‌ಎಂಟಿ 1953ರಲ್ಲಿ ಹುಟ್ಟಿದ್ದು ಯಂತ್ರಗಳನ್ನು ತಯಾರಿಸುವ ಯಂತ್ರಗಳಿಗಾಗಿ. ಇಂದು ಮೆಕ್ಯಾನಿಕಲ್ ಓದಿದ ಅನೇಕರು ಸಾಫ್ಟ್‌ವೇರ್ ಉದ್ಯೋಗಕ್ಕೆ ಹೋಗುತ್ತಾರೆ. ಸಂಬಳದ ಅಂತರ ಕಣ್ಣಿಗೆ ಕಾಣುವಾಗ ಅವರನ್ನು ದೂರುವುದು ಸರಿಯಲ್ಲ, ಕಲಿತ ವಿದ್ಯೆಗೆ ತಕ್ಕ ಬೆಲೆ ಕೊಡದ ಉದ್ಯಮವೇ ಅದಕ್ಕೆ ಉತ್ತರ ಹೇಳಬೇಕು.

ಕಾರ್ಖಾನೆಗೇ ಹೋಗುವವರಿಗೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಂತಹ ಕಡೆಗಳಲ್ಲಿ ಐಟಿಐ, ಡಿಪ್ಲೊಮಾ ಕಲಿತ ಹಿರಿಯ ಕೆಲಸಗಾರರು ಎರಡನೆಯ ಗುರುಗಳಾಗುತ್ತಾರೆ. ಲೇತಿನಲ್ಲಿ ಶಾಫ್ಟ್ ತಿರುವುವಾಗ ಟೂಲಿನ ಮೊನೆ ಸವೆದಂತೆಲ್ಲ ಶಾಫ್ಟಿನ ವ್ಯಾಸ ತುಸುತುಸುವೇ ಹೆಚ್ಚುತ್ತ ಹೋಗುವುದರಿಂದ, ಪಳಗಿದ ಟರ್ನರ್ ಹೊಸ ಟೂಲ್ ಹಾಕಿದಾಗ ಮಿತಿಯ ಕೆಳಗಿನ ಅಂಚಿನ ಹತ್ತಿರವೇ ಅಳತೆ ಇಟ್ಟುಕೊಳ್ಳುತ್ತಾರೆ, ರಂಧ್ರವನ್ನು ಬೋರಿಂಗ್ ಮಾಡುವಾಗ ಮೇಲಿನ ಅಂಚಿನ ಹತ್ತಿರ. ನಕಾಶೆಯಲ್ಲಿ ಇದನ್ನು ಬರೆದಿರುವುದಿಲ್ಲ. ನಕಾಶೆಯ ಟಿಪ್ಪಣಿಗಳು ಇಂಗ್ಲಿಷಿನಲ್ಲಿರುತ್ತವೆ, ಯಂತ್ರದ ಪಕ್ಕದ ಮಾತು ಕನ್ನಡದಲ್ಲಿ ನಡೆಯುತ್ತದೆ; ಎರಡನ್ನೂ ಬಲ್ಲ ಯುವ ಎಂಜಿನಿಯರುಗಳು ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಇಂತಹ ಅರಿವನ್ನು ಕೇಳಿ ತಿಳಿದು, ಯಂತ್ರದ ಪಕ್ಕದಲ್ಲಿ ತೂಗುಹಾಕುವ ಕೆಲಸದ ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಹೇಳಿಕೊಟ್ಟವರ ಹೆಸರನ್ನೂ ಅದರಲ್ಲಿ ನಮೂದಿಸಬೇಕು.